ಸುವೈಕಿನಲ್ಲಿ ಐಸಿನ ದೀಪಗೂಡು

ಮಕ್ಕಳೇ, ನೀವು ಸ್ವೀಡನ್ನಿನಲ್ಲಿ ಹಿಮದ ಉಂಡೆಗಳನ್ನು ಗೋಪುರದಂತೆ ಪೇರಿಸಿ ಒಳಗೆ ಮೇಣದಬತ್ತಿ ಹಚ್ಚಿ ಕಳಿಸಿದ ಫೋಟೋ ನೋಡಿದಂದಿನಿಂದ, ನಿಮ್ಮ ಅಜ್ಜನ ಹೆಸರಿನಲ್ಲಿ ಅಂಥದೊಂದು ದೀಪ ಹಚ್ಚುವ ಆಸೆ ಈ ಅಜ್ಜಿಗಿತ್ತು. ಅವರು ಹದಿನೆಂಟು ವರ್ಷ ದುಡಿದು ಅಲ್ಲೇ ತೀರಿಕೊಂಡ, ಕೊಲ್ಲಿ ನಾಡಿನ ಈ ಸುವೈಕ್ ಊರಿನ ಮೀನಿನಂಗಡಿಗೆ ಇವತ್ತು ಸಂಜೆ ಮೊದಲ ಸಲ ಹೋದೆ. ಬಾಯಿಬಿಟ್ಟು ಕೇಳಲು ಸಂಕೋಚವಾಗಿ ಫೋಟೋವನ್ನಷ್ಟೇ ತೋರಿಸಿದೆ. ಅಜ್ಜನ ಜೊತೆಗಾರ, ಉಳ್ಳಾಲದ ಇಸ್ಮಾಯಿಲ್ ಬ್ಯಾರಿ ಒಂದು ಬಕೆಟ್ ಪುಡಿ ಐಸು ತಂದರು.

ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಉಂಡೆ ಕಟ್ಟಿ ಮೂರು ಸುತ್ತು ಪೇರಿಸಿದೆವು. ಒಳಗೆ ಮೇಣದಬತ್ತಿ ಹಚ್ಚಿದಾಗ ಐಸಿಗೆ ಅಂಟಿದ್ದ ಮೀನಿನ ಹುರುಪೆಗಳೂ ಹೊಳೆದವು. ಅಷ್ಟರಲ್ಲಿ ಒಂದು ಉಂಡೆ ಜಾರಿತು. ಊರಿನಲ್ಲಿ ಮೀನು ಮಾರುತ್ತ, ಅದು ಕೆಡದಂತೆ ಐಸಿಗೆ ಉಪ್ಪು ಎರಚಿಯೇ ಮುದಿಯಾದ ಕೈ ನನ್ನದು. ಯೋಚಿಸದೆ ಪಕ್ಕದ ಚೀಲದಿಂದ ಎರಡು ಹಿಡಿ ಉಪ್ಪು ಎರಚಿಬಿಟ್ಟೆ.

"ಅಕ್ಕಾ, ಇದೇನು ಬಂಗುಡೆ ಮೀನಾ ಉಪ್ಪು ಹಾಕ್ಲಿಕ್ಕೆ? ಬೇಗ ಕರಗ್ತದೆ" ಎಂದರು ಬ್ಯಾರಿ.

ಉಂಡೆಗಳು ನೀರೊಡೆದು ಒಂದರ ಮೇಲೊಂದು ಕುಸಿದವು. ದೀಪ ಆರಿತು.

"ಖಲಾಸ್. ಬೇಜಾರು ಮಾಡ್ಬೇಡಿ. ನಾಳೆ ಬನ್ನಿ, ಪುನಃ ಕಟ್ಟುವ" ಎಂದು ಅವರು ಪೊರಕೆ ತೆಗೆದುಕೊಂಡರು.

ನಾಳೆ ಬೆಳಿಗ್ಗೆ ಊರಿಗೆ ನನ್ನ ವಿಮಾನ. ಅದನ್ನು ಹೇಳಲಾಗದೆ, "ಆಯ್ತು, ಬರ್ತೇನೆ" ಎಂದೆ.