ಮೊದಲ ಬೊಗಸೆ ಎರ್ರಿಯಪ್ಪನವರದು

ಹಂಪಿಯ ಬಂಡೆಗಳ ಹಿಂದೆ ಬಾನು ಈಗಷ್ಟೇ ಕೆಂಪೇರುತ್ತಿದೆ. ಎರ್ರಿಯಪ್ಪ ಹರಿಗೋಲನ್ನು ಬೆನ್ನಿಗೆ ಹೊತ್ತು ಹೊಳೆಗೆ ಇಳಿಯುತ್ತಾರೆ. ದೂರದಿಂದ ನೋಡಿದರೆ ದೊಡ್ಡ ಬುಟ್ಟಿಗೆ ಎರಡು ಕಾಲು ಮೂಡಿದಂತಿದೆ. ಹರಿಗೋಲು ನೀರಿಗೆ ಬಿಟ್ಟ ಮೇಲೂ ಅವರು ಹುಟ್ಟು ಮುಟ್ಟುವುದಿಲ್ಲ. ಬಾಗಿ, ಒಂದು ಬೊಗಸೆ ನೀರು ಕುಡಿಯುತ್ತಾರೆ. ಹೊಳೆಯ ಅಂಬಿಗರಿಗೆಲ್ಲ ಇರುವ ಪದ್ಧತಿ ಇದು. ಆದರೆ ಎರ್ರಿಯಪ್ಪ ಕುಡಿದ ಮೇಲೆ ತುಸು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ದಡದಲ್ಲಿ ಹೆಂಡತಿ ಸುಂಕಮ್ಮ ತಂಬಿಗೆ ಹಿಡಿದು ಕಾಯುತ್ತಾರೆ.

ವಯಸ್ಸು ಐವತ್ತೆಂಟು. ದಿನಕ್ಕೆ ಮೂವತ್ತು ಸಲ ಹೊಳೆ ದಾಟುತ್ತಾರೆ. ನಡುಗಡ್ಡೆಯ ಗದ್ದೆಗಳಿಗೆ ಹೋಗುವ ಕಡ್ಡಿರಾಂಪುರದ ರೈತರು, ಹುಲ್ಲಿನ ಹೊರೆ, ಮೇಕೆ, ಒಮ್ಮೊಮ್ಮೆ ಸೈಕಲ್ಲು. "ಮದುಮಗಳ್ನ ದಾಟಿಸೀನಿ, ಬಾಣಂತೀನ ದಾಟಿಸೀನಿ. ಇಲ್ಲೀತನಕ ಒಬ್ರನ್ನೂ ನೀರಿಗೆ ಕೆಡವಿಲ್ರಿ" ಎನ್ನುತ್ತಾರೆ. ಈ ದಡದ ನೀರು ಇಂದಿಗೂ ಬಾಯಿಗೆ ಹಾಕುವಂತಿರುವುದು ಇದೇ ಮನುಷ್ಯನಿಂದ ಎಂಬುದು ಮಾತ್ರ ಬಹಳ ಜನಕ್ಕೆ ಗೊತ್ತಿಲ್ಲ.

ಕಾಲುವೆ ಬಂದ ಮೇಲೆ ಅನ್ನ ಕಂಡ ಊರುಗಳಿವು. ಎರ್ರಿಯಪ್ಪ ಅದನ್ನು ಎಂದೂ ಆಡಿಕೊಳ್ಳುವುದಿಲ್ಲ. ಆದರೆ ವರ್ಷಕ್ಕೆರಡು ಭತ್ತದ ಬೆಳೆಯ ಜೊತೆಗೆ ಹುಳುವೂ ಬಂತು, ಹುಳುವಿನ ಹಿಂದೆ ಔಷಧಿಯೂ ಬಂತು. ರೈತರು ಅದನ್ನು 'ಎಣ್ಣೆ' ಎನ್ನುತ್ತಾರೆ. ಎಣ್ಣೆ ಹೊಡೆದ ಪಂಪನ್ನು ಕಾಲುವೆಯಲ್ಲಿ ತೊಳೆದರೆ ತಮ್ಮದೇ ಎಮ್ಮೆ ಕುಡಿದೀತು ಎಂದು ಎಲ್ಲರೂ ಸಂಜೆ ಹೊಳೆಗೆ ತರುತ್ತಿದ್ದರು. ಹೊಳೆ ದೊಡ್ಡದು, ಎಲ್ಲವನ್ನೂ ಒಯ್ಯುತ್ತದೆ ಎಂಬ ನಂಬಿಕೆ.

ಸಾವಿರದ ಒಂಬೈನೂರ ಎಪ್ಪತ್ಮೂರರಲ್ಲಿ ಒಬ್ಬ ರೈತ ಖಾಲಿಯಾದ ಎಣ್ಣೆ ಡಬ್ಬಿಯನ್ನು ಎರ್ರಿಯಪ್ಪನವರಿಗೆ ಕೊಟ್ಟ. ಗಟ್ಟಿ ಡಬ್ಬಿ. ಬೂದಿ ಹಾಕಿ ಮೂರು ಸಲ ತಿಕ್ಕಿ, ಹರಿಗೋಲಿಗೆ ನುಗ್ಗಿದ ನೀರು ಚೆಲ್ಲಲು ಇಟ್ಟುಕೊಂಡರು. ಒಂದು ಮಧ್ಯಾಹ್ನ ಸುಂಕಮ್ಮ ರೊಟ್ಟಿ ತಂದಾಗ ಅದರಲ್ಲೇ ನೀರು ಮೊಗೆದು ಮೊದಲು ಆಕೆಗೆ ಕೊಟ್ಟು, ಆಮೇಲೆ ತಾವು ಬೊಗಸೆಯಲ್ಲೇ ಕುಡಿದರು. ಸಂಜೆಯ ಹೊತ್ತಿಗೆ ಸುಂಕಮ್ಮನ ಬಾಯಲ್ಲಿ ನೊರೆ.

ಹೊಸಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ದಿನ. "ತಪ್ಪು ನಂದ್ರಿ. ನಾನ ಕೈಯಾರೆ ಕುಡಿಸಿದ್ದೆ. ಆಕಿನ ಉಳಿಸಿದ ಡಾಕ್ಟ್ರ ಹೆಸ್ರೂ ಕೇಳಲಿಲ್ಲ. ಇವತ್ತಿಗೂ ಹೊಸಪೇಟಿ ಕಡೆ ಮುಖ ಮಾಡಿ ಕೈ ಮುಗೀತೀನಿ." ಇವರು ಊರಿಗೆ ಹೊರಡುವಾಗ ಅದೇ ಡಾಕ್ಟರು ಒಂದು ಮಾತು ಹೇಳಿದ್ದರು: ಆ ಡಬ್ಬಿಯಲ್ಲಿದ್ದದ್ದನ್ನೇ ನೀವೆಲ್ಲ ದಿನಾ ಸಂಜೆ ಹೊಳೆಗೆ ಬಿಡುತ್ತಿದ್ದೀರಿ.

ಊರಿಗೆ ಬಂದವರೇ ಉಳಿದ ಆರು ಅಂಬಿಗರನ್ನು ಕೂಡಿಸಿದರು. ಪಂಪನ್ನು ಗದ್ದೆಯಲ್ಲೇ ಗುಂಡಿ ತೋಡಿ ತೊಳೆಯಬೇಕು, ಹೊಳೆಯಲ್ಲಿ ತೊಳೆದವರನ್ನು ಯಾರೂ ದಾಟಿಸಬಾರದು. ಏಳೂ ಜನ ನೀರು ಮುಟ್ಟಿ ಆಣೆ ಮಾಡಿದರು. ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಭತ್ತ ಅಳೆಯುತ್ತಿದ್ದವರು ಅದೇ ರೈತರು. ಅವರು ನಕ್ಕರು. "ಹೆಂಡ್ತಿ ಉಳಿದ್ಲು, ಇವನ ತಲಿ ಉಳೀಲಿಲ್ಲ" ಎಂದು ಆಡಿಕೊಂಡು, ಸುತ್ತುದಾರಿ ಹಿಡಿದು, ನೀರು ಕಡಿಮೆಯಿದ್ದಲ್ಲಿ ಹಾಯ್ದು ಗದ್ದೆಗೆ ಹೋದರು. ಹದಿನೇಳು ದಿನ ಏಳೂ ಹರಿಗೋಲು ದಡದಲ್ಲಿ ಬೋರಲಾಗಿ ಬಿದ್ದಿದ್ದವು. ಜೊತೆಗಾರ ತಾಯಪ್ಪನ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯುತ್ತಿತ್ತು. ಒಬ್ಬ ಸಡಿಲಿದರೂ ಎಲ್ಲ ಮುಗಿಯುತ್ತಿತ್ತು. ತಾಯಪ್ಪ ಸಡಿಲಲಿಲ್ಲ. ಆ ಋಣವನ್ನು ನೆನೆದರೆ ಎರ್ರಿಯಪ್ಪನವರ ಕಣ್ಣು ಇವತ್ತಿಗೂ ತುಂಬುತ್ತದೆ.

ಹದಿನೆಂಟನೆಯ ದಿನ ದೊಡ್ಡ ರೈತ ಮೈಲಾರಲಿಂಗಪ್ಪ ಬೇಕೆಂದೇ ಹೊಳೆಗೆ ಬಂದು ಪಂಪು ತೊಳೆಯತೊಡಗಿದರು. ನೀರು ಹಾಲಿನಂತೆ ಬೆಳ್ಳಗಾಯಿತು. ಇನ್ನೂ ನಿತ್ರಾಣದಲ್ಲಿದ್ದ ಸುಂಕಮ್ಮ ಅಲ್ಲೇ ತಂಬಿಗೆ ಅದ್ದಿ ಅವರ ಮುಂದೆ ಹಿಡಿದರು: "ಬಿಸಿಲಾಗ ಬಂದೀರಿ ಗೌಡ್ರ, ಕುಡೀರಿ."

ಈ ಸೀಮೆಯಲ್ಲಿ ಯಾರೇ ಕೊಟ್ಟರೂ ನೀರು ಒಲ್ಲೆ ಎನ್ನುವ ರೂಢಿಯಿಲ್ಲ. ಗೌಡರು ತಂಬಿಗೆಯನ್ನೇ ನೋಡುತ್ತಾ ನಿಂತರು. ಆಮೇಲೆ ಪಂಪು ಎತ್ತಿಕೊಂಡು ಹೊರಟುಹೋದರು. ಮರುದಿನ ಅವರ ಗದ್ದೆಯ ಮೂಲೆಯಲ್ಲಿ ಮೊದಲ ಗುಂಡಿ. "ಆಕಿ ಬೈದಿದ್ರ ನಾನೂ ಬೈದು ಹೋಗ್ತಿದ್ದೆ. ನೀರು ಕೊಟ್ಲು. ಏನ್ ಮಾಡ್ಲಿ?" ಎಂದು ಈಗ ಅವರೇ ನಗುತ್ತಾರೆ. ಆ ಸುಗ್ಗಿಯಲ್ಲಿ ಏಳೂ ಮನೆಗೆ ಮೊದಲು ಭತ್ತ ಕಳಿಸಿದವರೂ ಅವರೇ.

ಇದು ತೊಂಬತ್ತೆರಡನೆಯ ಇಸವಿ; ಹತ್ತೊಂಬತ್ತು ವರ್ಷ ಕಳೆದಿವೆ. ಈಗ ಕಂಪ್ಲಿಯವರೆಗೆ ನಲವತ್ತು ಹರಿಗೋಲುಗಳ ಅಂಬಿಗರು ಇದೇ ಕಟ್ಟುಪಾಡು ಪಾಲಿಸುತ್ತಾರೆ. ಪಂಪನ್ನು ಹರಿಗೋಲಿಗೆ ಹತ್ತಿಸುವ ಮುನ್ನ ಮೂಸಿ ನೋಡುತ್ತಾರೆ; ಎಣ್ಣೆ ನಾತ ಬಂದರೆ ಹತ್ತಿಸುವುದಿಲ್ಲ. ಬೋರ್ಡಿಲ್ಲ, ರಸೀದಿಯಿಲ್ಲ. ಸಂಘಕ್ಕೆ ಹೆಸರೇನು ಎಂದರೆ ಎರ್ರಿಯಪ್ಪ ತಲೆ ಕೆರೆದುಕೊಳ್ಳುತ್ತಾರೆ: "ಸಂಘ ಯಾಕ್ರಿ? ಮೂಗು ಐತಲ್ಲ, ಸಾಕು."

ಬೆಳಗಿನ ನೀರು ಕುಡಿದು ಸುಮ್ಮನೆ ನಿಲ್ಲುವುದೇಕೆ ಎಂದು ಕೇಳಿದರೆ ಮಾತ್ರ ಅವರ ದನಿ ತಗ್ಗುತ್ತದೆ.

"ಅವತ್ತು ಆಕಿಗೆ ಮೊದ್ಲು ಕೊಟ್ಟೆ. ಇನ್ನ ಇರೋತನಕ ಮೊದಲ ಬೊಗಸಿ ನಂದಾಗ್ಲಿ. ನಂಗೇನೂ ಆಗ್ಲಿಲ್ಲಂದ್ರ ಆಮ್ಯಾಲೆ ಆಕಿಗೆ. ಬ್ಯಾರೆ ಏನೂ ಬ್ಯಾಡ್ರಿ."

ದಡದಿಂದ ಸುಂಕಮ್ಮ ತಂಬಿಗೆ ಚಾಚುತ್ತಾರೆ. "ಕುಡಿದಾತಲ್ಲ, ಇನ್ನ ತುಂಬಿ ಕೊಡ್ರಿ. ನಂಗೂ ನೀರಡಿಕಿ ಆಗೇತಿ."