ಮಾಣಿಕಪ್ಪನ ಕೈಯ ಉಪ್ಪು

ಜಹೀರಾಬಾದಿನ ಅಡಿಗೆ ಮಾಣಿಕಪ್ಪ ಐವತ್ತೆರಡು ವರ್ಷ ತುಂಬುವುದರೊಳಗೆ ಎಷ್ಟು ಸಲ ನಿವೃತ್ತನಾಗಿದ್ದನೋ ಅವನಿಗೇ ಗೊತ್ತಿರಲಿಲ್ಲ. ಪ್ರತಿ ಮದುವೆಯಲ್ಲೂ ಕೊನೆಯ ಪಂಕ್ತಿ ಎದ್ದ ಮೇಲೆ ಸಟ್ಟುಗ ಕೆಳಗಿಟ್ಟು, ಎರಡೂ ಮೊಣಕಾಲು ಹಿಡಿದುಕೊಂಡು, "ಇದೇ ಕಡೀದು ನೋಡ್ರಿ. ಇನ್ನ ನಾ ಒಲಿ ಮುಂದ ಕೂಡಂಗಿಲ್ಲ" ಎಂದು ಸಾರುತ್ತಿದ್ದ. ಆಗ ಬೀಗರು ಹೌಹಾರಿ, "ಹಂಗ ಅನಬ್ಯಾಡ್ರಿ ಮಾಣಿಕಪ್ಪನೋರೆ, ನಿಮ್ಮ ಕೈ ಅಂದ್ರ ಕೈ" ಅನ್ನಬೇಕು. ಅವನು ದೊಡ್ಡ ನಿಟ್ಟುಸಿರು ಬಿಟ್ಟು ಮುಂದಿನ ಮದುವೆ ಒಪ್ಪಿಕೊಳ್ಳಬೇಕು. ಊಟ ಆದ ಮೇಲೆ ಎಲೆಯಡಿಕೆ ಹಂಚುವ ಹಾಗೆ ಇದೂ ಒಂದು ಶಾಸ್ತ್ರವಾಗಿಬಿಟ್ಟಿತ್ತು.

ಮೊಣಕಾಲು ನೋಯುತ್ತಿದ್ದದ್ದು ಮಾತ್ರ ಸುಳ್ಳಲ್ಲ. ಇವತ್ತು ತಾಂಡೂರು, ನಾಳೆ ನಾರಾಯಣಖೇಡ, ನಡುವೆ ಧಾರೂರಿನ ಗೃಹಪ್ರವೇಶ. ಆಳೆತ್ತರದ ಡೇಗ್ಚಿ ಪಾತ್ರೆಗಳನ್ನು ಇಳಿಸಿ ಇಳಿಸಿ ಅವನ ಸೊಂಟ ಮುದುಕರ ಸೊಂಟವಾಗಿತ್ತು. ಬಿಡಬೇಕೆಂಬ ಆಸೆಯೂ ನಿಜ, ಬಿಡಬೇಡಿ ಎಂದು ಜನ ಅಂಗಲಾಚುವುದನ್ನು ಕೇಳುವ ಆಸೆಯೂ ನಿಜ. ಎರಡರ ನಡುವೆ ಅವನು ವರ್ಷಗಟ್ಟಲೆ ತೂಗಾಡಿದ. ಹೆಂಡತಿ ಕಾಂತಾಬಾಯಿ ಮಾತ್ರ, "ನಿಮ್ಮ ಮರ್ಜಿ" ಎಂದು ಹೇಳಿ ಉಳ್ಳಾಗಡ್ಡಿ ಹೆಚ್ಚುವುದನ್ನು ಮುಂದುವರಿಸುತ್ತಿದ್ದಳು.

ಮಾಣಿಕಪ್ಪನಿಗೆ ಒಂದು ವ್ರತವಿತ್ತು. ಅವನ ಮನೆತನದಲ್ಲಿ ದೇವರಿಗೆ ಎಡೆ ಹಿಡಿದು, ಸ್ವಾಮಿಗಳ ಪೂಜೆಯಾಗುವ ತನಕ ಅಡಿಗೆಯ ಒಂದು ಹನಿಯೂ ನಾಲಿಗೆಗೆ ತಾಗಬಾರದು. ಹಾಗಾಗಿ ಅವನು ರುಚಿ ನೋಡುತ್ತಲೇ ಇರಲಿಲ್ಲ. ಸಾರು ಕುದಿ ಬಂದಾಗ ಕಣ್ಣು ಮುಚ್ಚಿ, ಶಿವನಾಮ ಹೇಳಿ, ಪಕ್ಕದ ತಾಟಿನಲ್ಲಿ ಕಾಂತಾಬಾಯಿ ಇಟ್ಟ ಉಪ್ಪನ್ನು ಮುಷ್ಟಿ ಮುಷ್ಟಿಯಾಗಿ ಎಸೆಯುತ್ತಿದ್ದ. ತಾಟು ಖಾಲಿಯಾದರೆ ಉಪ್ಪು ಸಾಕು ಎಂದರ್ಥ. ಆ ಗತ್ತು ನೋಡಲಿಕ್ಕೆಂದೇ ಬೀಗರು ಅಡಿಗೆಮನೆಗೆ ಬಂದು ನಿಲ್ಲುತ್ತಿದ್ದರು. ಅವನು ಎದ್ದು ಹೋದ ಮೇಲೆ ಡೇಗ್ಚಿಗಳಿಗೆ ಮುಚ್ಚಳ ಮುಚ್ಚುವುದು ಕಾಂತಾಬಾಯಿಯ ಕೆಲಸ. ಮುಚ್ಚಳ ಮುಚ್ಚುವುದರಲ್ಲಿ ನೋಡುವಂಥದ್ದೇನಿದೆ? ಯಾರೂ ನೋಡುತ್ತಿರಲಿಲ್ಲ.

ಕೊನೆಗೆ ಊಟಕ್ಕೆ ಕೂಡುವ ಹೊತ್ತಿಗೆ ಹೊಗೆ ಕುಡಿದು ಅವನ ಹೊಟ್ಟೆ ತುಂಬಿರುತ್ತಿತ್ತು. ಒಂದು ರೊಟ್ಟಿ, ಒಂದಿಷ್ಟು ಮೊಸರು, ಮುಗಿಯಿತು. ಮೂರು ತಾಲೂಕು ಚಪ್ಪರಿಸಿದ ಸಾರಿನ ರುಚಿ ಅದನ್ನು ಮಾಡಿದವನಿಗೇ ಗೊತ್ತಿರಲಿಲ್ಲ. ಆದರೂ ಆ ಸಾರಿನ ಬಗ್ಗೆ ಅವನಷ್ಟು ಮಾತಾಡುವವರು ಯಾರೂ ಇರಲಿಲ್ಲ.

ಹೀಗಿರುವಾಗ ಎರಡು ಸಾವಿರದ ಹನ್ನೊಂದರಲ್ಲಿ ಸಕಲ ಜನರ ಮುಷ್ಕರ ಶುರುವಾಯಿತು. ಪ್ರತ್ಯೇಕ ತೆಲಂಗಾಣ ಆಗುವ ತನಕ ಕೆಲಸವಿಲ್ಲ ಎಂದು ಗುಮಾಸ್ತರು, ಮಾಸ್ತರರು, ಡ್ರೈವರರು ಎಲ್ಲರೂ ಬೀದಿಗಿಳಿದರು. ಬಶೀರಾಬಾದಿನ ಅಕ್ಕನ ಮನೆಗೆ ಹೋಗಿದ್ದ ಕಾಂತಾಬಾಯಿ ಬಸ್ಸಿಲ್ಲದೆ ಅಲ್ಲೇ ಉಳಿದಳು. ಮಾಣಿಕಪ್ಪ ಒಬ್ಬನೇ ಮನೆಯಲ್ಲಿ ಕಾಲು ಚಾಚಿ ಕೂತು, ಊರಿಗೆ ಊರೇ ಕೆಲಸ ಬಿಟ್ಟಿದೆ, ನಾನೂ ಬಿಟ್ಟರೆ ಯಾರು ಕೇಳುತ್ತಾರೆ ಎಂದು ಯೋಚಿಸತೊಡಗಿದ.

ಅಷ್ಟರಲ್ಲಿ ಸರ್ಕಾರಿ ಆಫೀಸಿನ ಗುಮಾಸ್ತ, ಮುಷ್ಕರದ ಮುಂದಾಳು ನರಸಿಂಹುಲು ಬಂದ. ಮುಂಬೈ ಹೆದ್ದಾರಿಯ ಮೇಲೆ ವಂಟಾ-ವಾರ್ಪು ಇಟ್ಟುಕೊಂಡಿದ್ದರು. ಅಂದರೆ ರಸ್ತೆಯ ನಡುವೆಯೇ ಒಲೆ ಹೂಡಿ ಅಡಿಗೆ ಮಾಡಿ, ರಸ್ತೆಯಲ್ಲೇ ಕೂತು ಉಂಡು, ಸರ್ಕಾರಕ್ಕೆ ಬುದ್ಧಿ ಕಲಿಸುವುದು.

"ನೀ ಬರಬೇಕಪ್ಪಾ ಮಾಣಿಕಪ್ಪಾ. ಈ ಗುಮಾಸ್ತರ ಕೈಯಾಗ ಅನ್ನ ಬಿಟ್ರ ಹೋರಾಟ ಹೊಟ್ಟಿಯಾಗೇ ಸಾಯ್ತದ" ಎಂದ ನರಸಿಂಹುಲು.

ಮಾಣಿಕಪ್ಪ ಮೊಣಕಾಲು ಮರೆತು ಎದ್ದ. ಹೆದ್ದಾರಿಯ ತುಂಬ ಜನ, ನಿಂತ ಲಾರಿಗಳು, ತಮಟೆ, ಘೋಷಣೆ. ಡಾಂಬರಿನ ಮೇಲೆ ಕಲ್ಲಿನ ಒಲೆ, ಒಲೆಯ ಮೇಲೆ ನಾಲ್ಕು ಡೇಗ್ಚಿ ಸಾರು. ಪಕ್ಕದಲ್ಲಿ ತಾಟಿರಲಿಲ್ಲ, ಯಾರೋ ಪುಣ್ಯಾತ್ಮರು ಉಪ್ಪಿನ ಚೀಲವನ್ನೇ ತಂದು ಬಿಚ್ಚಿಟ್ಟಿದ್ದರು. ಮಾಣಿಕಪ್ಪ ಕಣ್ಣು ಮುಚ್ಚಿದ, ಶಿವನಾಮ ಹೇಳಿದ, ಎಸೆದ. ಕಣ್ಣು ತೆರೆದರೆ ಚೀಲ ತುಂಬಿಯೇ ಇತ್ತು. ಮತ್ತೆ ಎಸೆದ. ಜನ ಚಪ್ಪಾಳೆ ತಟ್ಟಿದರು. ಇನ್ನಷ್ಟು ಎಸೆದ.

"ಒಂದ್ ಹನಿ ಉಪ್ಪು ನೋಡ್ಲೇನ್ರಿ?" ಎಂದು ಮಾಸ್ತರರೊಬ್ಬರು ಸೌಟು ಎತ್ತಿದರು.

"ಇಡ್ರಿ ಕೆಳಗ! ಮಾಣಿಕಪ್ಪನ ಅಡಿಗಿ ಉಪ್ಪು ನೋಡೋ ಗಂಡಸು ಇನ್ನಾ ಹುಟ್ಟಿಲ್ಲ" ಎಂದು ಗುಡುಗಿದ.

ಪಂಕ್ತಿ ಕೂತಿತು. ಮೊದಲ ತುತ್ತಿಗೇ ಘೋಷಣೆ ನಿಂತುಹೋಯಿತು. ಪೊಲೀಸರಿಂದ ಆಗದ ಕೆಲಸವನ್ನು ಸಾರು ಮಾಡಿತ್ತು. ನರಸಿಂಹುಲು ನೀರಿನ ಚೊಂಬನ್ನೇ ಬಾಯಿಗೆತ್ತಿ, ಗಟಗಟ ಕುಡಿದು, ಕಣ್ಣೊರೆಸಿಕೊಂಡ. "ಅಯ್ಯಾ ಮಾಣಿಕಪ್ಪಾ, ನಾವು ಕೇಳಿದ್ದು ಬರೀ ತೆಲಂಗಾಣ. ಸಮುದ್ರ ಆಂಧ್ರದೋರ ಕಡೀಗೇ ಇರ್ಲಿ ಬಿಡಪ್ಪಾ!"

ಹೆದ್ದಾರಿಯೇ ಬಿದ್ದು ಬಿದ್ದು ನಕ್ಕಿತು. ಮಾಣಿಕಪ್ಪ ಮನೆಗೆ ಬಂದು ಬಾಗಿಲು ಹಾಕಿಕೊಂಡ. ಮೊದಲು ಉಪ್ಪಿನ ಕಂಪನಿಯನ್ನು ಬೈದ, ಆಮೇಲೆ ಹೆದ್ದಾರಿಯ ಗಾಳಿಯನ್ನು ಬೈದ. ಬೈಯುವುದಕ್ಕೆ ಏನೂ ಉಳಿಯದಾದಾಗ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿದ. ಕೈ ಹೋಯಿತು, ಇನ್ನು ಬಿಡಲೇಬೇಕು. ಈ ಸಲ ಅದನ್ನು ಸಾರಿ ಹೇಳಲು ಬೀಗರಿರಲಿಲ್ಲ, ಬೇಡ ಅನ್ನುವವರೂ ಇರಲಿಲ್ಲ. ಅವನಿಗೆ ಬಹಳ ದುಃಖವಾಯಿತು.

ಬಸ್ಸಿಲ್ಲದಿದ್ದರೂ ಸುದ್ದಿ ಬಶೀರಾಬಾದು ಮುಟ್ಟಿತ್ತು. ಕಾಂತಾಬಾಯಿ ಜೀಪು, ಟಂಟಂ, ಮತ್ತೊಂದು ಜೀಪು ಹಿಡಿದು ಮನೆ ಸೇರಿದಾಗ ಗಂಡ ಗೋಡೆಗೆ ಒರಗಿ ಕೂತಿದ್ದ.

"ನನ್ನ ಕೈ ಹೋಗ್ಯದ ಕಾಂತಾ" ಎಂದ.

ಅವಳು ಚೀಲ ಕೆಳಗಿಟ್ಟು ನೀರು ಕುಡಿದಳು. "ಹೋಗಾಕ ಅದು ಬಂದಿತ್ತು ಯಾವಾಗ್ರಿ?"

ಆಮೇಲೆ ಎಲ್ಲ ಹೇಳಿದಳು. ತಾಟಿನಲ್ಲಿ ಯಾವಾಗಲೂ ಬೇಕಾದ ಉಪ್ಪಿನ ಅರ್ಧವನ್ನೇ ಇಡುತ್ತಿದ್ದಳಂತೆ. ಮುಚ್ಚಳ ಮುಚ್ಚುವಾಗ ಎರಡು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿ, ಉಳಿದದ್ದನ್ನು ತಾನೇ ಹಾಕುತ್ತಿದ್ದಳಂತೆ. ಮದುವೆಯಾದ ಮೂರನೆಯ ವರ್ಷದಿಂದ, ಒಂದು ಅಡಿಗೆಯನ್ನೂ ಬಿಟ್ಟಿರಲಿಲ್ಲ.

ಮಾಣಿಕಪ್ಪನ ತಲೆಯಲ್ಲಿ ಅವನು ಎಡೆ ಹಿಡಿದ ದೇವರುಗಳು, ಪಾದ ತೊಳೆದು ಕೂಡಿಸಿದ ಸ್ವಾಮಿಗಳು ಎಲ್ಲರೂ ಮೆರವಣಿಗೆ ಹೊರಟರು. "ಎಲ್ಲಾ ದೇವ್ರಿಗೂ ಎಂಜಲಾ ಉಣ್ಸಿದೇನ?"

"ಒಂದ್ ದೇವ್ರರೆ ದೂರು ಹೇಳ್ಯಾನೇನ್ರಿ?" ಎಂದಳು ಕಾಂತಾಬಾಯಿ. "ನಿಮ್ಮ ಇಜ್ಜತ್ ಉಳೀಲಿ ಅಂತ ಮಾಡೀನಿ. ಸುಮ್ಮ ಸುಮ್ಮನ ಅಲ್ಲ."

ಅವನ ಅಡಿಗೆಯ ಉಪ್ಪು ನೋಡುವ ಗಂಡಸು ಹುಟ್ಟಿಲ್ಲ ಎಂದು ಅವನು ಹೇಳಿದ್ದು ಅಕ್ಷರಶಃ ಸರಿಯಾಗಿಯೇ ಇತ್ತು. ಆ ವಾರವೆಲ್ಲ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಆದರೆ ಅವಳು ಮಾಡಿದ ಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡ.

ಮುಷ್ಕರ ಮುಗಿದು ಬಸ್ಸು ಓಡತೊಡಗಿದ ಮೇಲೆ ನಾರಾಯಣಖೇಡದ ವ್ಯಾಪಾರಿ ಕಾಶಿನಾಥ ಮಗಳ ಮದುವೆಯ ಅಡಿಗೆ ಗೊತ್ತು ಮಾಡಲು ಬಂದ.

"ನಾ ಬಿಟ್ಟೀನ್ರಿ" ಎಂದ ಮಾಣಿಕಪ್ಪ. ಮೊಣಕಾಲು ಹಿಡಿದುಕೊಳ್ಳಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಕಾಶಿನಾಥನಿಗೆ ಗಾಬರಿಯಾದದ್ದೇ ಅದಕ್ಕೆ.

ಒಳಗಿನಿಂದ ಕಾಂತಾಬಾಯಿಯ ದನಿ ಬಂತು. "ಅವರು ಬಿಟ್ಟಾರ. ನಾ ಬಿಟ್ಟಿಲ್ರಿ."

ಅವಳು ಸೆರಗು ಸರಿಮಾಡಿಕೊಂಡು ಹೊರಗೆ ಬಂದು ಕರಾರು ಹೇಳಿದಳು. ಅಡಿಗೆ ತನ್ನದು. ಎಲ್ಲರ ಮುಂದೆಯೇ ಉಪ್ಪು ನೋಡುತ್ತಾಳೆ. "ದೇವ್ರ ಪಾಲು ಮೊದಲೇ ತೆಗೆದಿಡ್ತೀನ್ರಿ. ಅದರ ಉಪ್ಪಿನ ಜವಾಬ್ದಾರಿ ದೇವ್ರದು. ಮಂದಿ ಉಣ್ಣೋದರ ಜವಾಬ್ದಾರಿ ನಂದು."

ಕಾಶಿನಾಥ ಮಾಣಿಕಪ್ಪನ ಮುಖ ನೋಡಿದ. ಮಾಣಿಕಪ್ಪ ನೆಲ ನೋಡಿದ. ಹೆಂಡತಿ ಇಷ್ಟು ದಿನ "ನಿಮ್ಮ ಮರ್ಜಿ" ಅನ್ನುತ್ತಿದ್ದಳು. ಅವಳ ಮರ್ಜಿ ಏನೆಂದು ತಾನು ಒಮ್ಮೆಯೂ ಕೇಳಿರಲಿಲ್ಲ ಎಂದು ಆಗ ಅವನಿಗೆ ಹೊಳೆಯಿತು. "ಆಕಿ ಹೇಳಿದಂಗ ಮಾಡ್ರಿ" ಎಂದ.

ನಾರಾಯಣಖೇಡದ ಮದುವೆಯಲ್ಲಿ ಅವನು ಸ್ಟೂಲಿನ ಮೇಲೆ ಕೂತು ಬದನೆಕಾಯಿ ಹೆಚ್ಚಿದ. ಡೇಗ್ಚಿ ಇಳಿಸಲು ಬೇರೆಯವರಿದ್ದರು. ಕಾಂತಾಬಾಯಿ ದೇವರ ಪಾಲು ತೆಗೆದಿಟ್ಟು, ಬೀಗಿತಿಯರ ಮುಂದೆಯೇ ಅಂಗೈಗೆ ಸಾರು ಹಾಕಿಕೊಂಡು ಸೊರ್ರೆಂದು ಹೀರಿದಳು. ಇಬ್ಬರು ಮುದುಕಿಯರು ಕೆನ್ನೆ ಕೆನ್ನೆ ಬಡಿದುಕೊಂಡು, ಮೊದಲ ಪಂಕ್ತಿಯಲ್ಲೇ ಜಾಗ ಹಿಡಿದರು.

"ನೀವೂ ಕೂಡ್ರಿ" ಎಂದಳು ಗಂಡನಿಗೆ.

ಮಾಣಿಕಪ್ಪ ಜನ್ಮದಲ್ಲಿ ಮೊದಲ ಸಲ ಮದುವೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂತ. ಬಿಸಿ ಅನ್ನದ ಮೇಲೆ ಬಿಸಿ ಸಾರು ಬಿತ್ತು. ಒಂದು ತುತ್ತು ಬಾಯಿಗಿಟ್ಟ. ಇಷ್ಟು ವರ್ಷ ಜನ ಸುಳ್ಳು ಹೊಗಳಿರಲಿಲ್ಲ. ವಿಳಾಸ ಮಾತ್ರ ತಪ್ಪಿತ್ತು. ಅವನಿಗೆ ನಾಚಿಕೆಯೂ ಆಯಿತು, ಹಸಿವೆಯೂ ಆಯಿತು, ಹಸಿವೆ ಗೆದ್ದಿತು.

ಪಕ್ಕದಲ್ಲಿ ಕೂತಿದ್ದ, ಹಿಂದಿನದೊಂದು ಮದುವೆಯ ಬೀಗ ಧರ್ಮಣ್ಣ ಬೆರಳು ಚೀಪುತ್ತ, ರೂಢಿಯಂತೆ ಹೇಳಿದ. "ಏನೇ ಅನ್ರಿ ಮಾಣಿಕಪ್ಪನೋರೆ, ನಿಮ್ಮ ಕೈ ಅಂದ್ರ ಕೈ."

ಸಾರಿನ ಬಕೇಟು ಹಿಡಿದ ಕಾಂತಾಬಾಯಿ ಎದುರಿಗೇ ನಿಂತಿದ್ದಳು. ಮಾಣಿಕಪ್ಪ ಬಾಯಿಯಲ್ಲಿದ್ದದ್ದನ್ನು ನುಂಗಿ, ಇಡೀ ಪಂಕ್ತಿಗೆ ಕೇಳುವಂತೆ ಹೇಳಿದ.

"ನಂದಲ್ರೀ. ಆಕೀದು."