ಟೈಪಕ್ಕ ಈಗ ಜೋರಾಗಿ ಓದುವುದಿಲ್ಲ

ಬೆಳಿಗ್ಗೆ ಆರು ಗಂಟೆ. ಸೈಬರ್ ಠಾಣೆಯ ಎದುರಿನ ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ಟೈಪಕ್ಕ ಮಡಚುವ ಮೇಜು ಬಿಚ್ಚಿ, ಪ್ರಿಂಟರಿನ ಧೂಳನ್ನು ಅಂಗೈಯಲ್ಲೇ ಒರೆಸುತ್ತಾರೆ. ದೂರು ಟೈಪ್ ಮಾಡಿಸಲು ಬರುವವರಿಗೆ ಇರುವುದು ಒಂದೇ ಕುರ್ಚಿ. ಇವತ್ತು ಅದರಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಕುಳಿತಿದ್ದಾರೆ. ಪೊಲೀಸ್ ವೇಷದವನೊಬ್ಬ ವಿಡಿಯೊ ಕರೆಯಲ್ಲೇ ಅವರನ್ನು ಎರಡು ದಿನ ಮಲಗುವ ಕೋಣೆಯಲ್ಲಿ ಕೂಡಿಹಾಕಿದ್ದ.

“ಬಚ್ಚಲಿಗೆ ಹೋಗೋಕೂ ಅವನ ಅಪ್ಪಣೆ ಕೇಳ್ದೆ ಕಣಮ್ಮ. ಇದನ್ನೂ ಬರೀಬೇಕಾ?”

“ಬರೀಲೇಬೇಕು ಮೇಷ್ಟ್ರೇ. ನಿಮ್ಮ ಕ್ಲಾಸಲ್ಲಿ ಮಕ್ಕಳು ಕೇಳ್ತಿರ್ಲಿಲ್ವಾ, ಹಾಗೇ ಅನ್ಕೊಳ್ಳಿ.”

ಮೇಷ್ಟ್ರ ಮುಖ ಸ್ವಲ್ಪ ಸಡಿಲಗೊಳ್ಳುತ್ತದೆ.

ಈ ಜಗಲಿಯಲ್ಲಿ ಮೊದಲು ಅರ್ಜಿ ಬರೆಯುತ್ತಿದ್ದವರು ಟೈಪಕ್ಕನ ಅಪ್ಪ. “ಅಪ್ಪನ ಕಾಲದಲ್ಲಿ ಬೇಲಿ ಜಗಳ, ಸೈಕಲ್ ಕಳವು. ಕಳ್ಳನ ಹೆಜ್ಜೆಯಾದ್ರೂ ಕಾಣ್ತಿತ್ತು.” ಈಗ ದಿನಕ್ಕೆ ಹದಿನೈದು ದೂರು, ಎಲ್ಲವೂ ಫೋನಿನೊಳಗಿಂದಲೇ ಎದ್ದು ಬಂದವು. ಒಟಿಪಿ ಹೇಳಿ ಖಾತೆ ಬರಿದಾದ ದರ್ಜಿ. ಇಲ್ಲದ ಕೆಲಸಕ್ಕೆ ಶುಲ್ಕ ಕಟ್ಟಿದ ಪದವೀಧರ. ಸಾಲದ ಆ್ಯಪ್‌ನವರು ನೆಂಟರಿಗೆಲ್ಲ ಬೈಗುಳ ಕಳಿಸಿದ ಮೇಲೆ ಮದುವೆಮನೆಗೂ ಹೋಗದ ನರ್ಸ್.

“ಆಸೆಗೆ ಬಿದ್ದೋರು ಜಗಳ ಆಡ್ಕೊಂಡೇ ಬರ್ತಾರೆ. ಹೆದರಿ ಕೆಟ್ಟೋರು ಗೋಡೆಗೆ ಅಂಟ್ಕೊಂಡು ನಿಂತಿರ್ತಾರೆ. ಮಾನ ಹೋದೋರು ಮಾತ್ರ ಠಾಣೆ ಮುಂದೆ ಮೂರು ಸಲ ಹಾದು, ಬಸ್ ಹತ್ತಿಬಿಡ್ತಾರೆ.”

ಬರೆದದ್ದನ್ನು ಸಹಿಗೆ ಮುಂಚೆ ಜೋರಾಗಿ ಓದಿ ಹೇಳಬೇಕು ಎಂಬುದು ಅಪ್ಪ ಕಲಿಸಿದ ನಿಯಮ. ಓದು ಬಾರದವರಿಗೆ ಮೋಸವಾಗಬಾರದಲ್ಲ. “ಇವಳು ಓದೋಕೆ ಶುರು ಮಾಡಿದ್ರೆ ಬಸ್‌ಸ್ಟ್ಯಾಂಡಿನೋರಿಗೂ ಬಾಯಿಪಾಠ ಆಗ್ತಿತ್ತು” ಎಂದು ಜೆರಾಕ್ಸ್ ಅಣ್ಣ ಒಳಗಿನಿಂದ ಕಿಚಾಯಿಸುತ್ತಾನೆ. ಟೈಪಕ್ಕ ನಗುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ, ಕಾಲೇಜು ಚೀಲ ಹೊತ್ತ ಹುಡುಗಿಯೊಬ್ಬಳು ಬಂದಿದ್ದಳು. ಯಾರೋ ಅವಳ ಮುಖವನ್ನು ಬೆತ್ತಲೆ ಮೈಯೊಂದಕ್ಕೆ ಅಂಟಿಸಿ, ಸಹಪಾಠಿಗಳಿಗೆಲ್ಲ ಹಂಚಿದ್ದರು. ಅಷ್ಟನ್ನೂ ಅವಳು ಟೈಪಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಟೈಪಕ್ಕ ಬರೆದರು, ಮುದ್ರಿಸಿದರು, ಅಭ್ಯಾಸಬಲದಿಂದ ಎತ್ತಿದ ದನಿಯಲ್ಲೇ ಓದಿದರು. ಹಿಂದೆ ಎಂಟು ಜನರ ಸಾಲಿತ್ತು.

“ಬೆತ್ತಲೆ ಅನ್ನೋ ಮಾತು ಬಾಯಿಂದ ಬಿದ್ದಿದ್ದೇ ಸಾಲು ಗಪ್ ಅಂತು. ಗುರುತಿನ ಚೀಟಿ ಮರೆತೆ ಅಕ್ಕ, ತರ್ತೀನಿ ಅಂದಳು. ಚೀಟಿ ಮೇಜಿನ ಮೇಲೇ ಇತ್ತು. ಅದನ್ನೇ ಎತ್ಕೊಂಡು ಹೋದಳು.”

ಸಹಿಯಿಲ್ಲದ ಆ ಹಾಳೆಯನ್ನು ಟೈಪಕ್ಕನೇ ಠಾಣೆಗೆ ಒಯ್ದರು. ಸಹಿಯಿಲ್ಲದೆ ಆಗುವುದಿಲ್ಲ ಎಂದರು ಪೊಲೀಸರು. ಟೈಪಕ್ಕ ಹಾಳೆಯಲ್ಲಿದ್ದ ವಿಳಾಸ ಹುಡುಕಿಕೊಂಡೂ ಹೋದರು. ಬಾಗಿಲು ತೆರೆದದ್ದು ತಾಯಿ. “ಯಾರು ಬೇಕಿತ್ತು ಅಂದ್ರು. ಏನಂತ ಹೇಳ್ಲಿ? ಮತ್ತೊಂದ್ಸಲ ಓದಿ ಹೇಳಿದ ಹಾಗಾಗ್ತಿತ್ತು. ಮನೆ ತಪ್ಪಿತು ಅಂತ ಹೇಳಿ ವಾಪಸ್ ಬಂದೆ.”

ಆಮೇಲೇ ಈ ಆರು ಗಂಟೆಯ ಮೇಜು ಶುರುವಾದದ್ದು. ಎಂಟರವರೆಗೆ ಒಮ್ಮೆಗೆ ಒಬ್ಬರೇ, ಸಾಲಿಲ್ಲ. ಓದಬಲ್ಲವರು ತಾವೇ ಓದಿಕೊಳ್ಳುತ್ತಾರೆ, ಉಳಿದವರಿಗೆ ಕಿವಿಯಲ್ಲಿ. ಈ ಹೊತ್ತಿಗೆ ವಾರಕ್ಕೆ ಆರೇಳು ಜನ ಬರುತ್ತಾರೆ. ಅವಳು ಬಂದಿಲ್ಲ.

ಮೇಷ್ಟ್ರು ಸಹಿ ಹಾಕಿ ರಸ್ತೆ ದಾಟುತ್ತಾರೆ. ಆ ಹುಡುಗಿ ಇನ್ನೂ ಬರಬಹುದು ಅನ್ನಿಸುತ್ತದೆಯೇ ಎಂದು ಕೇಳಿದರೆ ಟೈಪಕ್ಕ ಕೀಲಿಮಣೆ ನೋಡುತ್ತಾರೆ.

“ನನ್ನ ಹತ್ರನೇ ಬರ್ಲಿ ಅಂತೇನಿಲ್ಲ. ಬೇರೆ ಯಾರ ಕೈಲಾದ್ರೂ ಬರೆಸಿ ಸಹಿ ಹಾಕಿದ್ರೆ ಸಾಕು. ನನ್ನನ್ನ ಬೈಕೊಂಡೇ ಹಾಕಿರ್ಲಿ.”